ಆರ್ಥಿಕ ಸುಧಾರಣೆಗೆ ಸರ್ವಾಧಿಕಾರಿಯೇ ಬೇಕೇ?

ಪ್ರಶ್ನೆ: ಚೀನಾ, ದಕ್ಷಿಣ ಕೊರಿಯಾ, ಚಿಲಿ, ಸಿಂಗಾಪುರ. ಬೇಗ ಮೇಲೆದ್ದ ದೇಶಗಳನ್ನು ನೋಡಿದರೆ ಎಲ್ಲ ಕಡೆಯೂ ಒಬ್ಬ ಗಟ್ಟಿ ಆಡಳಿತಗಾರ ಕಾಣುತ್ತಾನೆ. ಸಬ್ಸಿಡಿ ತೆಗೆಯೋದು, ನಷ್ಟದ ಕಾರ್ಖಾನೆ ಮುಚ್ಚೋದು ಇವೆಲ್ಲ ಐದು ವರ್ಷಕ್ಕೊಮ್ಮೆ ಮತ ಕೇಳುವ ಸರ್ಕಾರದಿಂದ ಆಗುವ ಕೆಲಸವೇ? ಸುಧಾರಣೆ ಮುಗಿಯುವ ತನಕ ಪ್ರಜಾಪ್ರಭುತ್ವವನ್ನು ಸ್ವಲ್ಪ ಕಾಲ ಬದಿಗಿಟ್ಟರೆ ತಪ್ಪೇನು? ದೇಶ ಶ್ರೀಮಂತವಾದ ಮೇಲೆ ಅದು ತಾನಾಗಿಯೇ ಬರುತ್ತದಲ್ಲವೇ?

ಉತ್ತರ: ನಿಮ್ಮ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಮೊದಲು ಆ ನಾಲ್ಕು ಹೆಸರಿನ ಪಟ್ಟಿಯಿಂದಲೇ ಶುರು ಮಾಡೋಣ. ವಾದದ ಭಾರವೆಲ್ಲ ಅದರ ಮೇಲೇ ಇದೆ.

ಪಟ್ಟಿ ಸುಳ್ಳಲ್ಲ. ಆದರೆ ಅದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಪಟ್ಟಿ ಇದೆ. ಜೈರ್ ದೇಶವನ್ನು, ಅಂದರೆ ಈಗಿನ ಕಾಂಗೋವನ್ನು, ಮೊಬುಟು 1965ರಿಂದ 1997ರವರೆಗೆ ಆಳಿದ. ಅಷ್ಟು ವರ್ಷವೂ ಹೆಚ್ಚುಕಡಿಮೆ ಅವನ ಮಾತೇ ಕಾನೂನು. ಸುಧಾರಣೆ ಮಾಡುವುದಕ್ಕೆ 32 ವರ್ಷ ಸಿಕ್ಕಿತ್ತು. ಉಳಿದದ್ದು ಹಾಳುಬಿದ್ದ ರಸ್ತೆ, ಖಾಲಿ ಖಜಾನೆ. ಬರ್ಮಾದಲ್ಲಿ ನೆ ವಿನ್ 1962ರಲ್ಲಿ ಅಧಿಕಾರ ಕಿತ್ತುಕೊಂಡ. 1987ರಲ್ಲಿ ಇದ್ದಕ್ಕಿದ್ದಂತೆ 25, 35 ಮತ್ತು 75 ಕ್ಯಾಟ್ ನೋಟುಗಳನ್ನು ರದ್ದು ಮಾಡಿ 45, 90ರ ನೋಟು ತಂದ. 9 ಅವನಿಗೆ ಶುಭಸಂಖ್ಯೆಯಂತೆ! ಜನರ ಉಳಿತಾಯ ರಾತ್ರೋರಾತ್ರಿ ಬರೀ ಕಾಗದವಾಯಿತು. ಮರುವರ್ಷ ದೇಶವೇ ಬೀದಿಗಿಳಿಯಿತು. ಇದೂ ಗಟ್ಟಿ ಕೈಯೇ, ಅಲ್ವಾ? ಉತ್ತರ ಕೊರಿಯಾ, ತುರ್ಕ್‌ಮೆನಿಸ್ತಾನ, 1976ರಿಂದ 1983ರವರೆಗಿನ ಅರ್ಜೆಂಟೀನಾದ ಸೇನಾ ಆಡಳಿತ, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಲಾಟರಿ ಹೊಡೆದವರನ್ನು ಮಾತ್ರ ಮಾತಾಡಿಸಿದರೆ ಲಾಟರಿ ಒಳ್ಳೆಯ ಹೂಡಿಕೆ ಅಂತಲೇ ಅನ್ನಿಸುತ್ತದೆ.

ಇನ್ನೂ ಸ್ವಾರಸ್ಯದ ಸಂಗತಿ ಎಂದರೆ ನಿಮ್ಮ ಪಟ್ಟಿಯ ದೇಶಗಳ ಒಳಗೇ ಸೋಲು ಗೆಲುವು ಎರಡೂ ಇವೆ. 1958ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷಕ್ಕೆ ಇದ್ದ ಹಿಡಿತ 1978ರಲ್ಲಿ ಇದ್ದದ್ದಕ್ಕಿಂತ ಕಡಿಮೆಯೇನಲ್ಲ, ಬಹುಶಃ ಜಾಸ್ತಿಯೇ. ಆ ಹಿಡಿತದಿಂದ ಬಂದದ್ದು 'ಮಹಾ ಜಿಗಿತ' ಎಂಬ ಯೋಜನೆ. ಮೇಲಿನವರಿಗೆ ಖುಷಿಯಾಗಲಿ ಎಂದು ಕೆಳಗಿನ ಅಧಿಕಾರಿಗಳು ಬೆಳೆಯ ಲೆಕ್ಕ ಉಬ್ಬಿಸಿ ಬರೆದರು. ಆ ಸುಳ್ಳು ಲೆಕ್ಕದ ಮೇಲೆ ಸರ್ಕಾರ ಹಳ್ಳಿಗಳಿಂದ ಧಾನ್ಯ ಎತ್ತಿಕೊಂಡು ಹೋಯಿತು. 1959ರಿಂದ 1961ರ ನಡುವೆ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು.

ಇಪ್ಪತ್ತು ವರ್ಷದ ನಂತರ ಅದೇ ಪಕ್ಷದ ಕೈಯಲ್ಲಿ ಸುಧಾರಣೆ ಹೇಗೆ ಆಯಿತು? 1978ರ ಕೊನೆಯಲ್ಲಿ ಅನ್ಹುಯಿ ಪ್ರಾಂತದ ಶಿಯಾವ್‌ಗಾಂಗ್ ಎಂಬ ಹಳ್ಳಿಯಲ್ಲಿ 18 ರೈತ ಕುಟುಂಬಗಳು ಗುಟ್ಟಾಗಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವು. ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಳ್ಳೋಣ, ಸರ್ಕಾರದ ಪಾಲು ಕೊಟ್ಟು ಉಳಿದದ್ದನ್ನು ನಾವೇ ಇಟ್ಟುಕೊಳ್ಳೋಣ ಎಂಬ ಒಪ್ಪಂದ ಅದು. ಆಗಿನ ಕಾನೂನಿನಲ್ಲಿ ಅಪರಾಧ. ಪ್ರಾಂತದ ಪಕ್ಷದ ಮುಖ್ಯಸ್ಥ ವಾನ್ ಲಿ ಇಂಥ ಪ್ರಯೋಗಗಳನ್ನು ಹತ್ತಿಕ್ಕದೆ ಬೆಳೆಯಲು ಬಿಟ್ಟರು. ಬೆಳೆ ಹೆಚ್ಚಾಯಿತು. ಕೆಲವೇ ವರ್ಷಗಳಲ್ಲಿ ಇದು ದೇಶದ ತುಂಬ ಹರಡಿತು. 1980ರಲ್ಲಿ ವಿಶೇಷ ಆರ್ಥಿಕ ವಲಯಗಳನ್ನು ತೆರೆದಾಗಲೂ ನಾಲ್ಕೇ ಊರುಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಅಂದರೆ ಚೀನಾದ ಮೊದಲ ದೊಡ್ಡ ಗೆಲುವು ಬಂದದ್ದು ಕೈ ಸಡಿಲ ಬಿಟ್ಟಾಗ. ಸರ್ವಾಧಿಕಾರ ಎರಡೂ ಕಾಲದಲ್ಲಿ ಇತ್ತು. ಹಾಗಾಗಿ ಬದಲಾವಣೆಗೆ ಕಾರಣ ಅದೇ ಎಂದು ಹೇಳಲು ಬರುವುದಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1990ರ ದಶಕದ ಕೊನೆಯಲ್ಲಿ ಪ್ರಧಾನಿ ಝು ರೋಂಗ್‌ಜಿ ಸರ್ಕಾರಿ ಕಾರ್ಖಾನೆಗಳನ್ನು ಕಡಿತ ಮಾಡಿದಾಗ ಕೋಟಿಗಟ್ಟಲೆ ಕಾರ್ಮಿಕರು ಕೆಲಸ ಕಳೆದುಕೊಂಡರು. ಆ ವೇಗದಲ್ಲಿ, ಆ ಪ್ರಮಾಣದಲ್ಲಿ ಇದನ್ನು ಮಾಡಿ ಮುಂದಿನ ಚುನಾವಣೆ ಗೆಲ್ಲುವ ಸರ್ಕಾರ ನನಗೆ ಕಾಣುವುದಿಲ್ಲ. ಗಟ್ಟಿ ಕೈಯ ವಾದಕ್ಕೆ ನಿಜವಾದ ಬಲ ಇರುವುದು ಇಂಥ ಕಡೆ.

ಸರಾಸರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸರ್ವಾಧಿಕಾರಿ ದೇಶಗಳ ಬೆಳವಣಿಗೆ ದರದಲ್ಲಿ ಏರಿಳಿತ ವಿಪರೀತ. ತೀರ ಒಳ್ಳೆಯದೂ ಅಲ್ಲೇ, ತೀರ ಕೆಟ್ಟದ್ದೂ ಅಲ್ಲೇ. ಪ್ರಜಾಪ್ರಭುತ್ವಗಳು ಸಾಮಾನ್ಯವಾಗಿ ನಡುವೆ ಇರುತ್ತವೆ. ಅರ್ಥಶಾಸ್ತ್ರಜ್ಞ ಡರೋನ್ ಅಸೆಮೊಗ್ಲು ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಪ್ರಜಾಪ್ರಭುತ್ವಕ್ಕೆ ಬದಲಾದ ದೇಶದ ತಲಾ ಆದಾಯ ಸುಮಾರು 25 ವರ್ಷದಲ್ಲಿ, ಬದಲಾಗದೆ ಇದ್ದಿದ್ದರೆ ಇರುತ್ತಿದ್ದದ್ದಕ್ಕಿಂತ ಸುಮಾರು ಶೇ. 20ರಷ್ಟು ಹೆಚ್ಚಿರುತ್ತದೆ. ಲೆಕ್ಕದ ವಿಧಾನದ ಬಗ್ಗೆ ಜಗಳ ಇದ್ದೇ ಇದೆ. ಇಂಥ ಸರಾಸರಿಗಳನ್ನು ಇಟ್ಟುಕೊಂಡು ಒಂದು ದೇಶದ ಭವಿಷ್ಯ ಹೇಳುವವರನ್ನು ನಾನಂತೂ ನಂಬುವುದಿಲ್ಲ. ಸುಧಾರಣೆ ಒಳಗೆ ಹೇಗೆ ನಡೆಯುತ್ತದೆ ಎನ್ನುವುದನ್ನು ನೋಡಿದರೆ ಹೆಚ್ಚು ಅರ್ಥವಾಗುತ್ತದೆ.

ಸುಧಾರಣೆ ಎಂದರೆ ಒಂದೇ ಬಗೆಯ ಕೆಲಸವಲ್ಲ. ಕೆಲವು ಸಹಿ ಹಾಕಿದರೆ ಮುಗಿಯುತ್ತವೆ. ಕರೆನ್ಸಿಯ ಬೆಲೆ ಇಳಿಸುವುದು, ಆಮದು ಸುಂಕ ಕಡಿಮೆ ಮಾಡುವುದು, ಲೈಸೆನ್ಸ್ ತೆಗೆಯುವುದು, ಬೆಲೆ ನಿಯಂತ್ರಣ ಬಿಡುವುದು. ಇದಕ್ಕೆ ಬೇಕಾಗುವುದು ಗೊತ್ತಿರುವ ನಾಲ್ಕು ಜನ, ಅವರ ಬೆನ್ನಿಗೆ ನಿಲ್ಲುವ ಒಬ್ಬ ನಾಯಕ, ಮತ್ತು ಬೇರೆ ದಾರಿ ಉಳಿದಿಲ್ಲ ಅನ್ನಿಸುವ ಒಂದು ಬಿಕ್ಕಟ್ಟು. ಚುನಾಯಿತ ಸರ್ಕಾರಗಳು ಇದನ್ನು ಎಷ್ಟೋ ಸಲ ಮಾಡಿವೆ. ಭಾರತ 1991ರ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿಯ ಬೆಲೆ ಇಳಿಸಿತು. ಅದೇ ತಿಂಗಳು 24ಕ್ಕೆ ಹೊಸ ಕೈಗಾರಿಕಾ ನೀತಿ, ಅದೇ ದಿನ ಮನಮೋಹನ್ ಸಿಂಗ್ ಅವರ ಬಜೆಟ್. ಪಿ.ವಿ. ನರಸಿಂಹ ರಾವ್ ಅವರ ಆ ಸರ್ಕಾರಕ್ಕೆ ಲೋಕಸಭೆಯಲ್ಲಿ ಬಹುಮತವೇ ಇರಲಿಲ್ಲ! ಪೋಲೆಂಡ್ 1990ರ ಜನವರಿ 1ರಂದು ಬಹುಪಾಲು ಬೆಲೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಬೊಲಿವಿಯಾ 1985ರ ಆಗಸ್ಟ್‌ನಲ್ಲಿ ಒಂದೇ ಆದೇಶದಿಂದ ಹುಚ್ಚೆದ್ದ ಹಣದುಬ್ಬರವನ್ನು ನಿಲ್ಲಿಸಿತು. ಆದರೆ ಅಲ್ಲಿನ ಚುನಾಯಿತ ಸರ್ಕಾರವೇ ತುರ್ತು ಸ್ಥಿತಿ ಘೋಷಿಸಿ ಕಾರ್ಮಿಕ ನಾಯಕರನ್ನು ಹಿಡಿದು ದೂರದ ಊರುಗಳಿಗೆ ಸಾಗಿಸಿತ್ತು ಎನ್ನುವುದನ್ನೂ ಹೇಳಬೇಕು. ಚುನಾವಣೆ ಗೆದ್ದವರ ಕೈ ಯಾವಾಗಲೂ ಚೊಕ್ಕ ಇರುವುದಿಲ್ಲ.

ಎರಡನೇ ಬಗೆಯದು ವರ್ಷಗಟ್ಟಲೆ ಎಳೆಯುತ್ತದೆ. ಬ್ಯಾಂಕುಗಳನ್ನು ಸರಿ ಮಾಡುವುದು, ತೆರಿಗೆ ಕಟ್ಟದವರಿಂದ ಕಟ್ಟಿಸುವುದು, ಕೋರ್ಟು ಬೇಗ ತೀರ್ಪು ಕೊಡುವಂತೆ ಮಾಡುವುದು, ಸಬ್ಸಿಡಿ ತೆಗೆದ ಮೇಲೆ ತೆಗೆದ ಹಾಗೆಯೇ ಇಡುವುದು. ಇಲ್ಲಿ ಶುರು ಮಾಡುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ನನ್ನ ಪ್ರಕಾರ ಗಟ್ಟಿ ಕೈಯ ವಾದ ಎಡವುವುದೇ ಇಲ್ಲಿ. ಅದು ಬರೀ ಶುರು ಮಾಡುವ ಶಕ್ತಿಯನ್ನು ನೋಡುತ್ತದೆ.

ಇಂಡೋನೇಷ್ಯಾದ ಉದಾಹರಣೆ ಕೊಡುತ್ತೇನೆ. ಒಂದೇ ದೇಶ, ಒಂದೇ ಸುಧಾರಣೆ, ಎರಡು ಬಗೆಯ ಆಡಳಿತ. ಇಂಥ ಹೋಲಿಕೆ ಸಿಗುವುದು ಅಪರೂಪ.

1998ರಲ್ಲಿ ಸುಹಾರ್ತೊ ಮೂರು ದಶಕದಿಂದ ಅಧಿಕಾರದಲ್ಲಿದ್ದ. ಆ ಮಾರ್ಚ್‌ನಲ್ಲಷ್ಟೇ ಕೈಗೊಂಬೆ ಸಭೆಯೊಂದು ಅವನನ್ನು ಏಳನೇ ಸಲ ಅಧ್ಯಕ್ಷನನ್ನಾಗಿ ಆರಿಸಿತ್ತು. ಏಷ್ಯಾದ ಹಣಕಾಸು ಬಿಕ್ಕಟ್ಟಿನ ಮಧ್ಯೆ, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಜೊತೆಗಿನ ಒಪ್ಪಂದದ ಭಾಗವಾಗಿ, ಮೇ 4ರಂದು ಸರ್ಕಾರ ಇಂಧನದ ಬೆಲೆ ಏರಿಸಿತು. ಪೆಟ್ರೋಲ್ ಸುಮಾರು ಶೇ. 70 ತುಟ್ಟಿಯಾಯಿತು. ಕೆಲಸ ಹೋಗಿ, ಅಲ್ಲಿನ ಕರೆನ್ಸಿ ರುಪಯ್ಯ ಬಿದ್ದು ಕಂಗೆಟ್ಟಿದ್ದ ಜನಕ್ಕೆ ಯಾರೂ ಏನೂ ವಿವರಿಸಲಿಲ್ಲ. ಕೈಗೆ ಏನೂ ಸಿಗಲಿಲ್ಲ. ಮೇಲಾಗಿ ಸುಹಾರ್ತೊ ಮಕ್ಕಳ ಕಂಪನಿಗಳು ಎಷ್ಟು ತಿಂದಿವೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಗಲಭೆ ಎದ್ದಿತು, ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು, ಸಾವಿರಕ್ಕೂ ಹೆಚ್ಚು ಜನ ಸತ್ತರು. ಬೆಲೆ ಏರಿಕೆಯ ಒಂದು ಭಾಗವನ್ನೂ ವಾಪಸ್ ತೆಗೆದುಕೊಳ್ಳಬೇಕಾಯಿತು. ಮೇ 21ಕ್ಕೆ ಸುಹಾರ್ತೊ ಕೆಳಗಿಳಿದ.

ಏಳು ವರ್ಷದ ನಂತರ ಸುಸಿಲೊ ಬಂಬಾಂಗ್ ಯುಧೊಯೊನೊ ಅಧ್ಯಕ್ಷರಾಗಿದ್ದರು. ಜನ ನೇರವಾಗಿ ಮತ ಹಾಕಿ ಆರಿಸಿದ ಮೊದಲ ಅಧ್ಯಕ್ಷ. ತೈಲ ಬೆಲೆ ಏರಿ ಸಬ್ಸಿಡಿ ಬಜೆಟ್ಟನ್ನೇ ನುಂಗುತ್ತಿತ್ತು. 2005ರ ಅಕ್ಟೋಬರ್ 1ರಂದು ಅವರು ಇಂಧನದ ಬೆಲೆಯನ್ನು ಸರಾಸರಿ ಎರಡು ಪಟ್ಟಿಗೂ ಹೆಚ್ಚು ಏರಿಸಿದರು. ಪೆಟ್ರೋಲ್ ಲೀಟರಿಗೆ 2,400 ರುಪಯ್ಯದಿಂದ 4,500ಕ್ಕೆ ಹೋಯಿತು. ಸೀಮೆಎಣ್ಣೆ ಹತ್ತಿರ ಹತ್ತಿರ ಮೂರು ಪಟ್ಟು. ಸುಹಾರ್ತೊ ಏರಿಸಿದ್ದಕ್ಕಿಂತ ಇದು ದೊಡ್ಡ ಪೆಟ್ಟು. ಆದರೆ ಅದೇ ವೇಳೆಗೆ ಒಂದೂವರೆ ಕೋಟಿಗೂ ಹೆಚ್ಚು ಬಡ ಕುಟುಂಬಗಳಿಗೆ ತಿಂಗಳಿಗೆ ಒಂದು ಲಕ್ಷ ರುಪಯ್ಯದ ಲೆಕ್ಕದಲ್ಲಿ, ಮೂರು ತಿಂಗಳದ್ದು ಒಟ್ಟಿಗೆ, ಪೋಸ್ಟ್ ಆಫೀಸ್ ಮೂಲಕ ನಗದು ಕೊಡಲು ಶುರು ಮಾಡಿದರು. ಪಟ್ಟಿಯಲ್ಲಿ ತಪ್ಪುಗಳಿದ್ದವು. ಬಿಟ್ಟುಹೋದವರು ಊರಿನ ಮುಖ್ಯಸ್ಥರ ಜೊತೆ ಜಗಳಕ್ಕೆ ನಿಂತರು. ಪ್ರತಿಭಟನೆಗಳೂ ಆದವು. ಸರ್ಕಾರ ಬೀಳಲಿಲ್ಲ, ಬೆಲೆ ವಾಪಸ್ ಹೋಗಲಿಲ್ಲ. 2009ರಲ್ಲಿ ಅವರು ಮೊದಲ ಸುತ್ತಿನಲ್ಲೇ ಶೇ. 60ರಷ್ಟು ಮತ ಪಡೆದು ಮತ್ತೆ ಗೆದ್ದರು. ಚುನಾವಣೆಗೆ ಮುಂಚೆ, ತೈಲ ಬೆಲೆ ಕುಸಿದಾಗ, ಇಂಧನದ ಬೆಲೆಯನ್ನು ಇಳಿಸಿಯೂ ಇದ್ದರು. ರಾಜಕಾರಣಿಯಲ್ಲವೇ!

ಇಲ್ಲಿ ಕೆಲಸ ಮಾಡಿದ್ದೇನು? ಚುನಾವಣೆ ಎಂಬ ಮಂತ್ರವೇನೂ ಅಲ್ಲ. ಪೆಟ್ಟು ತಿನ್ನುವವರ ಕೈಗೆ ಏನಾದರೂ ಕೊಡಲೇಬೇಕಾದ ಒತ್ತಡ. ಆ ಒತ್ತಡ ಮತದ ಮೂಲಕ ಬರುವುದು ಸಹಜ. ಬೇರೆ ದಾರಿಯಲ್ಲೂ ಬರಬಹುದು. ಇರಾನ್ 2010ರ ಡಿಸೆಂಬರ್‌ನಲ್ಲಿ ಇಂಧನದ ಬೆಲೆ ಏರಿಸಿದಾಗ, ಮೊದಲೇ ಬಹುಪಾಲು ಕುಟುಂಬಗಳ ಬ್ಯಾಂಕ್ ಖಾತೆಗೆ ಹಣ ಹಾಕಿತ್ತು. ಬೆಲೆ ಏರಿದ ದಿನ ಆ ಹಣ ತೆಗೆಯಲು ಬಿಟ್ಟಿತು. ದೇಶ ಬಹುಮಟ್ಟಿಗೆ ಶಾಂತವಾಗಿತ್ತು. ಅದೇ ಇರಾನ್ 2019ರ ನವೆಂಬರ್‌ನಲ್ಲಿ ಮಧ್ಯರಾತ್ರಿ ಘೋಷಣೆ ಮಾಡಿ ಪೆಟ್ರೋಲ್ ಬೆಲೆಯನ್ನು ಕನಿಷ್ಠ ಶೇ. 50 ಏರಿಸಿತು. ಪ್ರತಿಭಟನೆಯಲ್ಲಿ ನೂರಾರು ಜನ ಸತ್ತರು. ದಿನಗಟ್ಟಲೆ ಇಂಟರ್ನೆಟ್ ಬಂದ್ ಆಯಿತು. ಈಜಿಪ್ಟ್‌ನಲ್ಲಿ ಅನ್ವರ್ ಸಾದತ್ 1977ರ ಜನವರಿಯಲ್ಲಿ ಆಹಾರದ ಸಬ್ಸಿಡಿ ಕಡಿತ ಮಾಡಿ, ಎರಡೇ ದಿನದ ಗಲಭೆಗೆ ಹೆದರಿ ವಾಪಸ್ ತೆಗೆದುಕೊಂಡರು. ಸರ್ವಾಧಿಕಾರಿಗೆ ಜನರ ಭಯ ಇಲ್ಲ ಅನ್ನುವುದು ತಪ್ಪು ಕಲ್ಪನೆ. ಭಯ ಇದ್ದೇ ಇರುತ್ತದೆ. ಜನ ಏನು ಯೋಚಿಸುತ್ತಿದ್ದಾರೆ ಎಂದು ಮೊದಲೇ ತಿಳಿಯುವ ದಾರಿ ಮಾತ್ರ ಇರುವುದಿಲ್ಲ.

ಈಗ ಇನ್ನೊಂದು ಕಡೆ ನೋಡಿ. ಸುಧಾರಣೆಯಿಂದ ಪೆಟ್ಟು ತಿಂದವರು ಅದನ್ನು ತಡೆಯುತ್ತಾರೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಕಮ್ಯುನಿಸಂ ಬಿಟ್ಟ ದೇಶಗಳನ್ನು ನೋಡಿದ ರಾಜ್ಯಶಾಸ್ತ್ರಜ್ಞ ಜೋಯಲ್ ಹೆಲ್‌ಮನ್ 1998ರಲ್ಲಿ ಬೇರೆಯದೇ ಮಾತು ಹೇಳಿದರು. ಅಲ್ಲಿ ಸುಧಾರಣೆಗೆ ಅಡ್ಡ ನಿಂತವರು ಅರ್ಧ ಸುಧಾರಣೆಯಲ್ಲಿ ಭರ್ಜರಿ ಲಾಭ ಮಾಡಿಕೊಂಡವರು. ಯೋಚಿಸಿದರೆ ಅರ್ಥವಾಗುತ್ತದೆ. ದೇಶದೊಳಗೆ ತೈಲದ ಬೆಲೆ ಇನ್ನೂ ಸರ್ಕಾರದ ಕೈಯಲ್ಲಿದೆ, ಆದರೆ ರಫ್ತು ಮುಕ್ತವಾಗಿದೆ ಅನ್ನಿ. ಒಳಗೆ ಅಗ್ಗಕ್ಕೆ ಕೊಂಡು ಹೊರಗೆ ಡಾಲರ್‌ಗೆ ಮಾರುವವನಿಗೆ ಹಬ್ಬ. ಅವನಿಗೆ ಹಳೆಯ ವ್ಯವಸ್ಥೆಯೂ ಬೇಡ, ಪೂರ್ತಿ ಸುಧಾರಣೆಯೂ ಬೇಡ. ಈಗ ಇರುವ ಹಾಗೆಯೇ ಇರಲಿ ಅಂತ ದುಡ್ಡು ಸುರಿಯುತ್ತಾನೆ.

ರಷ್ಯಾದಲ್ಲಿ ಆದದ್ದು ಇದೇ. 1992ರ ಜನವರಿಯಲ್ಲಿ ಬೆಲೆಗಳನ್ನು ಬಿಟ್ಟರು. ಸಂಸತ್ತು ಅಡ್ಡ ಬಂದಾಗ ಅಧ್ಯಕ್ಷ ಯೆಲ್ಟ್‌ಸಿನ್ 1993ರ ಅಕ್ಟೋಬರ್‌ನಲ್ಲಿ ಸಂಸತ್ ಭವನದ ಮೇಲೆ ಟ್ಯಾಂಕಿನಿಂದ ಗುಂಡು ಹಾರಿಸಿ, ಹೊಸ ಸಂವಿಧಾನದಲ್ಲಿ ಅಧ್ಯಕ್ಷನಿಗೆ ಭಾರಿ ಅಧಿಕಾರ ಬರೆಸಿಕೊಂಡರು. ಪಶ್ಚಿಮದ ಎಷ್ಟೋ ಜನ ಇದನ್ನು ಸುಧಾರಣೆಗಾಗಿ ಎಂದು ಸಮರ್ಥಿಸಿದರು. ಆ ಗಟ್ಟಿ ಕೈ ಏನು ಮಾಡಿತು? 1995ರಲ್ಲಿ ತೈಲ ಮತ್ತು ನಿಕಲ್ ಕಂಪನಿಗಳ ಷೇರುಗಳನ್ನು ಸಾಲಕ್ಕೆ ಅಡ ಇಟ್ಟ ಹಾಗೆ ಮಾಡಿ, ಕೈಬೆರಳೆಣಿಕೆಯ ಬ್ಯಾಂಕ್ ಮಾಲೀಕರಿಗೆ ಪುಡಿಗಾಸಿಗೆ ಒಪ್ಪಿಸಿತು. ಮರುವರ್ಷದ ಚುನಾವಣೆಯಲ್ಲಿ ಅವರ ಬೆಂಬಲ ಬೇಕಿತ್ತಲ್ಲ.

ಪೋಲೆಂಡಿನ ರಾಜಕೀಯ ಇದಕ್ಕಿಂತ ಎಷ್ಟೋ ಗಜಿಬಿಜಿ. 1989ರಿಂದ 1993ರ ಚುನಾವಣೆಯೊಳಗೆ ಐದು ಪ್ರಧಾನಿಗಳು. ಮುಷ್ಕರಗಳು. ಖಾಸಗೀಕರಣದ ಮಸೂದೆ ವರ್ಷಗಟ್ಟಲೆ ಸಂಸತ್ತಿನಲ್ಲಿ ಕುಂಟಿತು. 1993ರಲ್ಲಿ ಸುಧಾರಕರು ಸೋತು ಹಳೆಯ ಕಮ್ಯುನಿಸ್ಟರೇ ಅಧಿಕಾರಕ್ಕೆ ಬಂದರು. ಬಂದವರು ಹಳೆಯದಕ್ಕೆ ವಾಪಸ್ ಹೋಗಲಿಲ್ಲ. ಪಿಂಚಣಿ, ಕಲ್ಯಾಣದ ಕಡೆ ಸ್ವಲ್ಪ ವಾಲಿಸಿ ಅದೇ ದಾರಿಯಲ್ಲಿ ನಡೆದರು. ಸರ್ಕಾರ ಪದೇ ಪದೇ ಬದಲಾಗುತ್ತಿದ್ದರಿಂದ ಯಾವ ಒಂದು ಗುಂಪಿಗೂ ಅದನ್ನು ಪೂರ್ತಿ ಕೊಂಡುಕೊಳ್ಳಲು ಆಗಲಿಲ್ಲ. ವಾದವಿವಾದದಲ್ಲಿ ಖಾಸಗೀಕರಣ ತಡವಾದದ್ದೂ ಒಳ್ಳೆಯದೇ ಆಯಿತು, ಲೂಟಿ ಕಡಿಮೆಯಾಯಿತು. 1996ರ ಹೊತ್ತಿಗೆ ಪೋಲೆಂಡ್ 1989ರ ಉತ್ಪಾದನೆಯ ಮಟ್ಟಕ್ಕೆ ಮರಳಿತು. ರಷ್ಯಾ ಅಲ್ಲಿಗೆ ಬರಲು ಇನ್ನೂ ಸುಮಾರು ಒಂದು ದಶಕ ಹಿಡಿಯಿತು. ಯುರೋಪಿಯನ್ ಒಕ್ಕೂಟಕ್ಕೆ ಸೇರುವ ಆಸೆ ಪೋಲೆಂಡಿಗೆ ನೆರವಾಯಿತು ಎನ್ನುವುದು ನಿಜ. ಅದೊಂದೇ ಕಾರಣ ಎಂದು ನನಗನ್ನಿಸುವುದಿಲ್ಲ.

ಚಿಲಿಯನ್ನು ನೀವು ಹೆಸರಿಸಿದ್ದೀರಿ. ಅದರ ಕಥೆಯನ್ನು ಸಾಮಾನ್ಯವಾಗಿ ಅರ್ಧ ಹೇಳಿ ನಿಲ್ಲಿಸುತ್ತಾರೆ. 1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೋಚೆಯ ನೇತೃತ್ವದಲ್ಲಿ ಸೇನೆ ಅಧಿಕಾರ ಹಿಡಿಯಿತು. ಆ ಆಡಳಿತದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಕೊಲೆಯಾದರು ಅಥವಾ ಕಾಣೆಯಾದರು. ಷಿಕಾಗೊದಲ್ಲಿ ಓದಿ ಬಂದ ಅರ್ಥಶಾಸ್ತ್ರಜ್ಞರು ಸುಂಕ ಇಳಿಸಿದರು, ಕಂಪನಿಗಳನ್ನು ಮಾರಿದರು, ಬ್ಯಾಂಕುಗಳನ್ನು ಕಡಿವಾಣವಿಲ್ಲದೆ ಬಿಟ್ಟರು. 1979ರಲ್ಲಿ ಪೆಸೊವನ್ನು ಡಾಲರ್‌ಗೆ 39ರಂತೆ ಕಟ್ಟಿಹಾಕಿದರು. ಅದು ನಡೆಯುವ ದರವಲ್ಲ ಎಂದು ಗೊತ್ತಾದ ಮೇಲೂ ಬಿಡಲಿಲ್ಲ. ಬೈದು ಬರೆಯಬಲ್ಲ ಪತ್ರಿಕೆ ಕಡಿಮೆ, ಎದ್ದು ಕೇಳುವ ಸಂಸತ್ತು ಇರಲೇ ಇಲ್ಲ. 1982ರಲ್ಲಿ ಎಲ್ಲ ಕುಸಿಯಿತು. ಒಂದೇ ವರ್ಷದಲ್ಲಿ ಜಿಡಿಪಿ ಸುಮಾರು ಶೇ. 14 ಇಳಿಯಿತು. ಖಾಸಗೀಕರಣದ ಗುರುಗಳೇ 1983ರಲ್ಲಿ ದೊಡ್ಡ ಬ್ಯಾಂಕುಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಹಾಂ, ಇನ್ನೊಂದು. ದೇಶಕ್ಕೆ ಡಾಲರ್ ತರುತ್ತಿದ್ದ ದೊಡ್ಡ ತಾಮ್ರದ ಗಣಿಗಳು ಆ ಕಾಲದುದ್ದಕ್ಕೂ ಸರ್ಕಾರದ್ದಾಗಿಯೇ ಉಳಿದವು.

ಚಿಲಿಯ ಒಳ್ಳೆಯ ವರ್ಷಗಳು ಬಂದದ್ದು ಆಮೇಲೆ. 1988ರ ಜನಮತದಲ್ಲಿ ಪಿನೋಚೆ ಸೋತ. 1990ರಲ್ಲಿ ಪ್ಯಾಟ್ರಿಸಿಯೊ ಐಲ್ವಿನ್ ಅಧ್ಯಕ್ಷರಾದರು. ಹೊಸ ಸರ್ಕಾರ ಮುಕ್ತ ವ್ಯಾಪಾರವನ್ನು ಕೆಡವಲಿಲ್ಲ. ಸುಂಕವನ್ನು ಇನ್ನೂ ಇಳಿಸಿತು. ಜೊತೆಗೆ ಬಲಪಂಥೀಯ ವಿರೋಧ ಪಕ್ಷದ ಜೊತೆಯೇ ಕೂತು ಮಾತಾಡಿ ತೆರಿಗೆ ಏರಿಸಿತು, ಆ ಹಣವನ್ನು ಶಾಲೆ, ಆರೋಗ್ಯ, ಪಿಂಚಣಿಗೆ ಹಾಕಿತು. 1990ರಿಂದ 1998ರವರೆಗಿನ ಬೆಳವಣಿಗೆ ದರ ಸೇನಾ ಆಡಳಿತದ ಸರಾಸರಿಯ ಸುಮಾರು ಎರಡು ಪಟ್ಟು. 1990ರಲ್ಲಿ ಹತ್ತರಲ್ಲಿ ನಾಲ್ಕು ಜನ ಬಡವರಿದ್ದರೆ ದಶಕದ ಕೊನೆಗೆ ಎರಡಕ್ಕೆ ಇಳಿಯಿತು. ಹಿಂದಿನವರು ಹಾಕಿದ ಅಡಿಪಾಯ ಎಂದು ಕೆಲವರು ಹೇಳುತ್ತಾರೆ. ಸ್ವಲ್ಪ ಹೌದು. ಆದರೆ ಆ ಅಡಿಪಾಯವನ್ನು ಜನ ತಮ್ಮದೆಂದು ಒಪ್ಪಿಕೊಂಡದ್ದು, ಅದರಲ್ಲಿ ತಮಗೂ ಪಾಲು ಸಿಕ್ಕಾಗ.

ಕೊರಿಯಾ, ತೈವಾನ್ ವಿಷಯ ಬೇರೆ. ಅಲ್ಲಿ ಸರ್ವಾಧಿಕಾರಿಗಳು ಕೆಲಸ ಮಾಡಿದರು, ಅದನ್ನು ಅಲ್ಲಗಳೆಯಲಾರೆ. ಯಾಕೆ ಮಾಡಿದರು ಎಂದು ಕೇಳಬೇಕು. ಗಡಿಯಾಚೆ ನುಂಗಲು ಕಾದಿರುವ ಶತ್ರು ಇದ್ದ. ಭೂಸುಧಾರಣೆ ಮೊದಲೇ ಆಗಿದ್ದರಿಂದ ತಡೆಯೊಡ್ಡುವ ಜಮೀನ್ದಾರರು ಉಳಿದಿರಲಿಲ್ಲ. ದಕ್ಷಿಣ ಕೊರಿಯಾವನ್ನು ಆಳುತ್ತಿದ್ದ ಜನರಲ್ ಪಾರ್ಕ್ ಚುಂಗ್-ಹೀ ಪ್ರತಿ ತಿಂಗಳು ರಫ್ತಿನ ಸಭೆಗೆ ತಾನೇ ಬಂದು ಕೂರುತ್ತಿದ್ದ. ರಫ್ತಿನ ಗುರಿ ಮುಟ್ಟಿದ ಕಂಪನಿಗೆ ಅಗ್ಗದ ಸಾಲ, ಮುಟ್ಟದವನಿಗೆ ಕಷ್ಟ. ಹೊರದೇಶದ ಗಿರಾಕಿಗೆ ಸುಳ್ಳು ಲೆಕ್ಕ ತೋರಿಸಿ ಮಾಲು ಮಾರಲು ಆಗುವುದಿಲ್ಲ. ಚೀನಾದಲ್ಲಿ 1958ರಲ್ಲಿ ಇಲ್ಲದ್ದು ಇದೇ, ಸುಳ್ಳನ್ನು ಹಿಡಿಯುವ ಒಂದು ಅಳತೆಗೋಲು. ಸರ್ವಾಧಿಕಾರ ಗೆದ್ದ ಕಡೆಯೆಲ್ಲ ಇಂಥ ಏನೋ ಒಂದು ಆಳುವವನ ಕೈ ಕಟ್ಟಿತ್ತು. ಅದು ಇಲ್ಲದ ದೇಶ ಪಾರ್ಕ್‌ನ ಅಧಿಕಾರವನ್ನು ಮಾತ್ರ ನಕಲು ಮಾಡಿದರೆ ಸಿಗುವುದು ಮೊಬುಟು.

ಮತ್ತೆ, ಆ ಗಟ್ಟಿ ಕೈ ಸಾಕಿದ ಚೇಬೋಲ್‌ಗಳು, ಅಂದರೆ ದೈತ್ಯ ಕುಟುಂಬ ಕಂಪನಿಗಳು, ಆಮೇಲೆ ಯಾರ ಮಾತೂ ಕೇಳದಷ್ಟು ಬೆಳೆದವು. ಸಾಲದ ಮೇಲೆ ಸಾಲ ಮಾಡಿದವು. 1997ರ ಬಿಕ್ಕಟ್ಟಿನಲ್ಲಿ ಕೊರಿಯಾ ಐಎಂಎಫ್ ಬಾಗಿಲಿಗೆ ಹೋಯಿತು. ಅದೇ ಡಿಸೆಂಬರ್‌ನಲ್ಲಿ ಜನ ಕಿಮ್ ದೇ-ಜುಂಗ್ ಅವರನ್ನು ಗೆಲ್ಲಿಸಿದರು. 1980ರಲ್ಲಿ ಸೇನಾ ಆಡಳಿತ ಮರಣದಂಡನೆ ವಿಧಿಸಿದ್ದ ನಾಯಕ ಇವರು. ಕಾರ್ಮಿಕ ಸಂಘ, ಮಾಲೀಕರು, ಸರ್ಕಾರ ಮೂವರನ್ನೂ ಒಂದೇ ಮೇಜಿಗೆ ಕೂರಿಸಿದರು. ಕೆಲಸದಿಂದ ತೆಗೆಯಲು ಅವಕಾಶ ಕೊಡುವ ಕಾನೂನಿಗೆ ಸಂಘಗಳ ನಾಯಕರು ಒಪ್ಪಿದರು. ಬದಲಿಗೆ ನಿರುದ್ಯೋಗ ವಿಮೆ ದೊಡ್ಡದಾಯಿತು, ಶಿಕ್ಷಕರಿಗೆ ಸಂಘ ಕಟ್ಟುವ ಹಕ್ಕು ಸಿಕ್ಕಿತು. ದೇಶದ ಅತಿ ದೊಡ್ಡ ಕಂಪನಿಗಳಲ್ಲೊಂದಾದ ಡೇವೂ 1999ರಲ್ಲಿ ಮುಳುಗಿದಾಗ ಸರ್ಕಾರ ಅದನ್ನು ಎತ್ತಿ ಉಳಿಸಲಿಲ್ಲ. ಐಎಂಎಫ್ ಸಾಲವನ್ನು 2001ರಲ್ಲಿ, ಅವಧಿಗೆ ಮೊದಲೇ ತೀರಿಸಿದರು. ವಿರೋಧ ಪಕ್ಷದಲ್ಲಿ ಜೀವನ ಸವೆಸಿದವರು ಕೇಳಿದ್ದರಿಂದಲೇ ಸಂಘಗಳ ನಾಯಕರು ಅಷ್ಟು ಒಪ್ಪಿದರು ಎಂದು ನನಗನ್ನಿಸುತ್ತದೆ.

ಹಾಗಂತ ಪ್ರಜಾಪ್ರಭುತ್ವಕ್ಕೆ ರೋಗಗಳಿಲ್ಲ ಎಂದುಕೊಳ್ಳಬೇಡಿ. ಕಳೆದುಕೊಳ್ಳುವವರು ಕೆಲವರು, ಜೋರಾಗಿ ಕೂಗುತ್ತಾರೆ. ಲಾಭ ಪಡೆಯುವವರು ಕೋಟಿ ಜನ, ಅವರಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಎಷ್ಟೋ ಕೆಲಸ ನಿಂತೇ ಹೋಗುತ್ತದೆ. ಇದರಿಂದ ಬೇಸತ್ತ ನಾಯಕರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಹೇಳದೆ ಕೇಳದೆ ಮಾಡಿಬಿಡುವುದು. ವೆನೆಜುವೆಲಾದಲ್ಲಿ ಕಾರ್ಲೊಸ್ ಆಂದ್ರೆಸ್ ಪೆರೆಸ್ ಹಳೆಯ ಸುಖದ ದಿನಗಳ ನೆನಪಿನ ಮೇಲೆ ಗೆದ್ದು, 1989ರ ಫೆಬ್ರವರಿಯಲ್ಲಿ ಅಧಿಕಾರಕ್ಕೆ ಬಂದ ತಿಂಗಳೊಳಗೆ ಪೆಟ್ರೋಲ್ ಬೆಲೆ ಏರಿಸಿದರು. ಬಸ್ ದರ ಏರಿತು. ಫೆಬ್ರವರಿ 27ರಂದು ಕರಾಕಸ್ ಹೊತ್ತಿ ಉರಿಯಿತು, ನೂರಾರು ಜನ ಸತ್ತರು. ಆ ಗಾಯ ಮಾಯಲಿಲ್ಲ. ಹತ್ತು ವರ್ಷದ ನಂತರ, 1999ರಲ್ಲಿ, ಊಗೊ ಚಾವೆಸ್ ಅಧ್ಯಕ್ಷರಾದರು. ನ್ಯೂಜಿಲೆಂಡಿನಲ್ಲಿ 1984ರಿಂದ ಎರಡು ಪಕ್ಷಗಳೂ ಸರದಿಯಲ್ಲಿ ಜನರನ್ನು ಕೇಳದೆ ಸುಧಾರಣೆ ಹೇರಿದವು. ರಕ್ತ ಹರಿಯಲಿಲ್ಲ. ಆದರೆ ಸಿಟ್ಟಾದ ಮತದಾರರು 1993ರ ಜನಮತದಲ್ಲಿ ಚುನಾವಣಾ ಪದ್ಧತಿಯನ್ನೇ ಬದಲಿಸಿದರು. ಒಂದೇ ಪಕ್ಷಕ್ಕೆ ಇನ್ನು ಅಷ್ಟು ಅಧಿಕಾರ ಸಿಗದ ಹಾಗೆ.

ಭಾರತದಲ್ಲೇ ಎರಡು ದಾರಿಯನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಮೂರು ಕೃಷಿ ಕಾನೂನುಗಳು 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದವು. ಸೆಪ್ಟೆಂಬರ್‌ನಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ರಾಜ್ಯಸಭೆ ದಾಟಿದವು. ಒಂದು ವರ್ಷಕ್ಕೂ ಹೆಚ್ಚು ಕಾಲದ ರೈತರ ಧರಣಿಯ ನಂತರ 2021ರ ನವೆಂಬರ್‌ನಲ್ಲಿ ವಾಪಸಾದವು. ಕಾನೂನು ಒಳ್ಳೆಯದೋ ಕೆಟ್ಟದ್ದೋ ಎನ್ನುವ ಚರ್ಚೆ ಈಗ ಬೇಡ. ಜಿಎಸ್‌ಟಿ ಮಾತು ಶುರುವಾದದ್ದು 2000ದ ಹೊತ್ತಿಗೆ, ಜಾರಿಯಾದದ್ದು 2017ರ ಜುಲೈ 1ಕ್ಕೆ. ಇದು ನಿಧಾನ ಅಂದರೆ ನಿಧಾನವೇ. ಆದರೆ ಆ ಸಮಯದಲ್ಲಿ ರಾಜ್ಯಗಳ ಜೊತೆ ಚೌಕಾಸಿ ನಡೆಯಿತು. ತೆರಿಗೆಯ ದರ ನಿರ್ಧರಿಸುವ ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಕೇಂದ್ರಕ್ಕೆ ಮೂರನೇ ಒಂದು ಪಾಲು ಮತ, ರಾಜ್ಯಗಳಿಗೆ ಮೂರನೇ ಎರಡು, ತೀರ್ಮಾನಕ್ಕೆ ಮುಕ್ಕಾಲು ಮತ ಬೇಕು. ಆದಾಯ ಕಡಿಮೆಯಾದ ರಾಜ್ಯಕ್ಕೆ ವರ್ಷಕ್ಕೆ ಶೇ. 14 ಬೆಳವಣಿಗೆ ಹಿಡಿದು ಐದು ವರ್ಷ ಪರಿಹಾರ. ಜಾರಿಯಲ್ಲಿ ಬೇಕಾದಷ್ಟು ಎಡವಟ್ಟುಗಳಾದವು. ಇಷ್ಟಾದರೂ ಅದನ್ನು ಪೂರ್ತಿ ಕಿತ್ತುಹಾಕಿ ಹಳೆಯ ತೆರಿಗೆಗಳಿಗೇ ಹೋಗೋಣ ಎಂದು ಹಟ ಹಿಡಿದು ನಿಂತ ರಾಜ್ಯ ಇಲ್ಲ.

ಇನ್ನು ನಿಮ್ಮ 'ಸ್ವಲ್ಪ ಕಾಲ'. ಸುಧಾರಣೆ ಮುಗಿಯಿತು ಎಂದು ಹೇಳುವವರು ಯಾರು? ಪಾರ್ಕ್ 1961ರಲ್ಲಿ ಅಧಿಕಾರ ಹಿಡಿದಾಗ, ಬೇಗ ನಾಗರಿಕ ಆಡಳಿತಕ್ಕೆ ಬಿಟ್ಟುಕೊಡುತ್ತೇವೆ ಎಂದಿದ್ದ. 1963ರಲ್ಲಿ ಸಮವಸ್ತ್ರ ಕಳಚಿ ತಾನೇ ಚುನಾವಣೆಗೆ ನಿಂತ. 1972ರಲ್ಲಿ ಸಂವಿಧಾನವನ್ನೇ ಬದಲಿಸಿದ. 1979ರಲ್ಲಿ ಅವನದೇ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಅವನನ್ನು ಗುಂಡಿಟ್ಟು ಕೊಂದ. ಆಮೇಲೆ ಇನ್ನೊಬ್ಬ ಜನರಲ್ ಬಂದ, 1980ರಲ್ಲಿ ಗ್ವಾಂಗ್‌ಜುವಿನಲ್ಲಿ ಹತ್ಯಾಕಾಂಡ ನಡೆಯಿತು. ಸ್ವಲ್ಪ ಕಾಲ ಎಂದದ್ದು 26 ವರ್ಷವಾಯಿತು.

ಶ್ರೀಮಂತಿಕೆಯ ಹಿಂದೆಯೇ ಪ್ರಜಾಪ್ರಭುತ್ವ ಬರುತ್ತದೆ ಎನ್ನುವುದಕ್ಕೂ ಗಟ್ಟಿ ಆಧಾರ ಇಲ್ಲ. ಕೊರಿಯಾದಲ್ಲಿ, ತೈವಾನಿನಲ್ಲಿ ಬಂತು. ಸಿಂಗಾಪುರದಲ್ಲಿ ಚುನಾವಣೆ ನಡೆದರೂ ಒಂದೇ ಪಕ್ಷ ಸ್ವಾತಂತ್ರ್ಯದಿಂದ ಇಂದಿನವರೆಗೆ ಆಳುತ್ತಿದೆ. ಚೀನಾ 2018ರಲ್ಲಿ ಅಧ್ಯಕ್ಷರ ಅವಧಿಯ ಮಿತಿಯನ್ನೇ ತೆಗೆದುಹಾಕಿತು. ಕೊರಿಯಾದಲ್ಲೂ ಅದು ತಾನಾಗಿ ಬರಲಿಲ್ಲ. 1987ರ ಜೂನ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದ ಮೇಲೆ ಬಂತು. ಆದಾಯ ಹೆಚ್ಚಿದ್ದರೆ ಬಂದ ಪ್ರಜಾಪ್ರಭುತ್ವ ಉಳಿಯುವ ಸಾಧ್ಯತೆ ಹೆಚ್ಚು ಎನ್ನುವುದಕ್ಕೆ ಮಾತ್ರ ಒಳ್ಳೆಯ ಆಧಾರ ಇದೆ. ರಾಜ್ಯಶಾಸ್ತ್ರಜ್ಞರಾದ ಆಡಂ ಪ್ರಜೆವೊರ್‌ಸ್ಕಿ ಮತ್ತು ಫೆರ್ನಾಂಡೊ ಲಿಮೊಂಗಿ 1990ರವರೆಗಿನ ನಾಲ್ಕು ದಶಕಗಳ ಲೆಕ್ಕ ನೋಡಿದಾಗ, 1975ರ ಅರ್ಜೆಂಟೀನಾಕ್ಕಿಂತ ಹೆಚ್ಚು ತಲಾ ಆದಾಯ ಇದ್ದ ಯಾವ ಪ್ರಜಾಪ್ರಭುತ್ವವೂ ಬಿದ್ದಿರಲಿಲ್ಲ.

ಉಳಿಸಿಕೊಳ್ಳಲು ಜನ ಬೇಕು ಎನ್ನುವುದು ಬೇರೆ ಮಾತು. 2024ರ ಡಿಸೆಂಬರ್ 3ರ ರಾತ್ರಿ ಕೊರಿಯಾದ ಅಧ್ಯಕ್ಷ ಯೂನ್ ಸುಕ್-ಯೋಲ್ ಇದ್ದಕ್ಕಿದ್ದಂತೆ ಸೇನಾ ಕಾನೂನು ಘೋಷಿಸಿದರು. ವಿರೋಧ ಪಕ್ಷ ಬಜೆಟ್ ಕಡಿತ ಮಾಡಿ ಆಡಳಿತ ನಡೆಸಲು ಬಿಡುತ್ತಿಲ್ಲ ಎನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಸಂಸದರು ಬೇಲಿ ಹಾರಿ ಒಳಗೆ ಹೋಗಿ 190–0 ಮತದಿಂದ ಅದನ್ನು ತಳ್ಳಿಹಾಕಿದರು. ಸುಮಾರು ಆರು ಗಂಟೆಯಲ್ಲಿ ಆದೇಶ ವಾಪಸಾಯಿತು. ಆ ರಾತ್ರಿ ಹಣದ ಮಾರುಕಟ್ಟೆ ಗಟ್ಟಿ ಕೈ ಬಂತೆಂದು ಸಂಭ್ರಮಿಸಲಿಲ್ಲ. ಕೊರಿಯಾದ ವಾನ್ ಡಾಲರ್ ಎದುರು ಎರಡು ವರ್ಷದಲ್ಲೇ ಅತಿ ಕೆಳಗೆ ಬಿತ್ತು. ಸಂಸತ್ತಿನ ಮತದ ಸುದ್ದಿ ಬಂದ ಮೇಲೆ ಸ್ವಲ್ಪ ಚೇತರಿಸಿಕೊಂಡಿತು.